‘ಈ ಮನೆ ಬೇಡ ಸರ್’ ಅಂದ ಏಜೆಂಟ್: ಮೈಸೂರಿನಲ್ಲಿ ಮನೆ ಕೊಂಡವನ ಅಭಿಪ್ರಾಯ

ನಾನು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಪಿಎಫ್, ಗ್ರಾಚ್ಯುಟಿ, ಊರಿನ ಜಮೀನಿನಲ್ಲಿ ಬಂದ ಪಾಲು ಎಲ್ಲ ಸೇರಿಸಿ ಮೈಸೂರಿನಲ್ಲಿ 30x40 ಸೈಟಿನ ಹಳೆ ಮನೆ ಕೊಂಡೆವು. ಕೊಡಿಸಿದವರು ಕುವೆಂಪುನಗರದಲ್ಲಿ ಚಿಕ್ಕ ಆಫೀಸ್ ಇಟ್ಟುಕೊಂಡಿರುವ ಒಬ್ಬ ಮಹಿಳಾ ಏಜೆಂಟ್. ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ಮೇಡಂ ಎಂದೇ ಬರೆಯುತ್ತೇನೆ. ಅವರಿಗೆ ಕೊಟ್ಟ ಕಮಿಷನ್‌ನಲ್ಲಿ ಒಂದು ರೂಪಾಯಿಯೂ ದಂಡವಾಗಲಿಲ್ಲ.

ನನ್ನ ಹೆಂಡತಿಗೆ ಮೊದಲು ಹಿಡಿಸಿದ್ದು ದಟ್ಟಗಳ್ಳಿಯ ಮನೆ. ಪೂರ್ವಕ್ಕೆ ಬಾಗಿಲು, ಹಿತ್ತಿಲಲ್ಲಿ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ರೇಟೂ ನಮ್ಮ ಕೈಗೆ ಎಟುಕುವ ಹಾಗಿತ್ತು. ಅಡ್ವಾನ್ಸ್ ಕೊಟ್ಟೇಬಿಡೋಣ ಅಂತ ಹೋದರೆ, ಮೇಡಂ ಚೆಕ್ ಬುಕ್ ಒಳಗಿಡಿ ಅಂದರು.

ಮೇಜಿನ ಮೇಲೆ ಕಾಗದ ಹರಡಿದರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ತೆಗೆದ ಇಸಿ (ಆಸ್ತಿಯ ಮೇಲೆ ಯಾವ ಯಾವ ಪತ್ರ ನೋಂದಣಿಯಾಗಿದೆ ಅಂತ ತೋರಿಸುವ ಋಣಭಾರ ಪತ್ರ), ಅದಕ್ಕೂ ಹಿಂದಿನ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ತಂದ ಕೈಬರಹದ ಇಸಿ, ಕ್ರಯಪತ್ರ, ಖಾತಾ, ವಂಶವೃಕ್ಷ. ಒಂದು ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದಿದರು. ಮನೆ ಕೊಂಡಿದ್ದು ಮಾರುವವರ ತಂದೆ. ಅವರು ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಖಾತಾ ಮೂವರು ಗಂಡುಮಕ್ಕಳ ಹೆಸರಿಗಾಗಿದೆ. ವಂಶವೃಕ್ಷದಲ್ಲಿ ಮಾತ್ರ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಆದರೆ ವಿಭಾಗಪತ್ರವಾಗಲಿ ಹಕ್ಕು ಬಿಡುಗಡೆ ಪತ್ರವಾಗಲಿ ಇಸಿಯಲ್ಲಿ ಎಲ್ಲೂ ಇಲ್ಲ.

ಮಾರುವವರಲ್ಲಿ ದೊಡ್ಡವರು ಅಲ್ಲೇ ಕೂತಿದ್ದರು. ‘ತಂಗಿಯರು ಮದುವೆಯಾಗಿ ಹೋದವರು ಮೇಡಂ, ಏನೂ ಕೇಳಲ್ಲ’ ಅಂದರು.

‘ಕೇಳಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ ಅಣ್ಣ, ಬಂದು ಸಹಿ ಹಾಕಲಿ.’

ಅವರು ಸುಮ್ಮನಾದರು. ಮೇಡಂ ನನ್ನ ಕಡೆ ತಿರುಗಿ, ‘ಖಾತಾ ತೆರಿಗೆ ಕಟ್ಟೋಕೆ ಸರ್, ಅದೇ ಹಕ್ಕಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡು ವಿಲ್ ಇಲ್ಲದೆ ಹೋದ್ರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರಾನೇ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಈಗಿನ ಸ್ಥಿತಿಯಲ್ಲಿ ಈ ಮನೆ ಬೇಡ’ ಅಂದರು. ಮಾರುವವರ ಎದುರಿಗೇ ಅಂದರು. ಆ ದಿನ ಅವರು ಬಾಯಿ ಮುಚ್ಚಿಕೊಂಡಿದ್ದರೆ ಕಮಿಷನ್ ಕೈಗೆ ಬರುತ್ತಿತ್ತು, ಕೋರ್ಟು ನಮ್ಮ ಪಾಲಿಗೆ ಬರುತ್ತಿತ್ತು.

ಇಷ್ಟು ಕಾಗದ ಓದುವುದು ಎಲ್ಲಿ ಕಲಿತಿರಿ ಅಂತ ಕೇಳಿದೆ. ಮೊದಲು ಪತ್ರ ಬರಹಗಾರರೊಬ್ಬರ ಹತ್ತಿರ ಟೈಪಿಂಗ್ ಕೆಲಸಕ್ಕಿದ್ದರಂತೆ. ಅಲ್ಲಿಗೆ ಅಳುತ್ತಾ ಬರುವವರನ್ನು ನೋಡಿ ನೋಡಿ, ಯಾವ ಕಾಗದದಲ್ಲಿ ಏನು ಕೊರತೆ ಇರುತ್ತದೆ ಅಂತ ಗೊತ್ತಾಯಿತಂತೆ. ಫ್ಲ್ಯಾಟ್, ಲೇಔಟ್ ಸೈಟ್‌ಗಳನ್ನೂ ಮಾರುವುದರಿಂದ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮಾಡಿಸಿದ್ದಾರೆ, ನಂಬರ್ ವಿಸಿಟಿಂಗ್ ಕಾರ್ಡ್ ಮೇಲೇ ಇದೆ. ನಮ್ಮಂಥ ಹಳೆ ಮನೆ ವ್ಯವಹಾರಕ್ಕೆ ಅದು ಬರುವುದಿಲ್ಲ. ರೇರಾ ನೋಂದಣಿಯಾದ ಪ್ರಾಜೆಕ್ಟ್ ಮಾರುವ ಏಜೆಂಟ್‌ಗೆ ಮಾತ್ರ 2016ರ ಕಾಯ್ದೆ ಪ್ರಕಾರ ಕಡ್ಡಾಯ. ಇದನ್ನೂ ಅವರೇ ಹೇಳಿದ್ದು. ನಂಬರ್ ತೋರಿಸಿ ದೊಡ್ಡಸ್ತಿಕೆ ಕೊಚ್ಚಿಕೊಳ್ಳಬಹುದಿತ್ತು, ಅಲ್ವಾ?

ಕೊನೆಗೆ ಕೊಂಡಿದ್ದು ಶ್ರೀರಾಂಪುರದ ಮನೆ, 58 ಲಕ್ಷಕ್ಕೆ. ಮಾತುಕತೆಗೆ ಕೂರುವ ಮೊದಲೇ ಮೇಡಂ ಒಂದು ಹಾಳೆಯಲ್ಲಿ ಪೂರ್ತಿ ಖರ್ಚು ಬರೆದುಕೊಟ್ಟರು. ಸ್ಟ್ಯಾಂಪ್ ಡ್ಯೂಟಿ ಶೇ 5, ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎರಡೂ ಸೇರಿ ಸುಮಾರು 4.41 ಲಕ್ಷ. ಮನೆ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟಬೇಕು ಅನ್ನುವುದೂ ಆ ಹಾಳೆಯಲ್ಲಿತ್ತು. ಕೆಳಗೆ ಅವರ ಕಮಿಷನ್ ಶೇ 1, ‘ಮಾರುವವರಿಂದ ಪಡೆಯುವುದಿಲ್ಲ’ ಅಂತ ಬರೆದು ಸಹಿ. ಎರಡೂ ಕಡೆಯಿಂದ ದುಡ್ಡು ತೆಗೆದುಕೊಂಡು ಇಬ್ಬರಿಗೂ ತಮ್ಮವರು ಅನ್ನಿಸಿಕೊಳ್ಳುವ ಬ್ರೋಕರ್‌ಗಳನ್ನು ಕಂಡ ನನಗೆ ಆ ಒಂದು ಸಾಲು ಬಹಳ ದೊಡ್ಡದು.

ಕೊರತೆ ಇಲ್ಲ ಅಂತಲ್ಲ. ಅವರ ಹತ್ತಿರ ಮನೆಗಳು ಕಡಿಮೆ. ಕಾಗದ ನೋಡದೆ ಮನೆ ತೋರಿಸುವುದಿಲ್ಲ, ಹಾಗಾಗಿ ತಡ ಜಾಸ್ತಿ. ಬಾಡಿಗೆ ಮನೆಯ ಓನರ್ ಖಾಲಿ ಮಾಡಿ ಅನ್ನುತ್ತಿದ್ದಾಗ ಈ ನಿಧಾನ ನಮಗೆ ಕಷ್ಟವೇ ಆಯಿತು. ಬ್ಯಾಂಕ್ ಸಾಲದ ಓಡಾಟ ಅವರು ಮಾಡುವುದಿಲ್ಲ. ಭಾನುವಾರ ಫೋನ್ ಎತ್ತುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ಮನೆ ನೋಡಲು ಸಿಗುವುದೇ ಭಾನುವಾರ, ಇದನ್ನು ಅವರು ಸ್ವಲ್ಪ ಯೋಚಿಸಬೇಕು. ರಿಜಿಸ್ಟ್ರೇಷನ್ ಆದಮೇಲೆ ಮಾತ್ರ ಕೈಬಿಡಲಿಲ್ಲ. ನಮ್ಮ ಹೆಸರಿಗೆ ಖಾತಾ ಆಗುವ ತನಕ ತಾವೇ ವಿಚಾರಿಸುತ್ತಿದ್ದರು.

ಜಾಹೀರಾತು ಹಾಕುವುದಿಲ್ಲವಂತೆ, ಒಬ್ಬರಿಂದ ಒಬ್ಬರು ಬರುತ್ತಾರೆ. ನಮ್ಮ ಡಿಪೋದ ಇಬ್ಬರು ಡ್ರೈವರ್‌ಗಳು ಈಗ ಅವರ ಹತ್ತಿರವೇ ಮನೆ ಹುಡುಕುತ್ತಿದ್ದಾರೆ. ದಟ್ಟಗಳ್ಳಿಯ ಅಣ್ಣ ಅಂದು ಮುಖ ಊದಿಸಿಕೊಂಡು ಎದ್ದು ಹೋಗಿದ್ದರಲ್ಲ, ಆಮೇಲೆ ತಂಗಿಯರಿಗೆ ಅವರ ಪಾಲಿನ ದುಡ್ಡು ಕೊಟ್ಟು ಬಿಡುಗಡೆ ಪತ್ರ ನೋಂದಣಿ ಮಾಡಿಸಿದರಂತೆ. ಮನೆ ಮಾರಿಕೊಡಿ ಅಂತ ಕಾಗದವನ್ನೆಲ್ಲ ತಂದುಕೊಟ್ಟಿದ್ದು ಇದೇ ಮೇಡಂ ಕೈಗೆ.