ಇಳಿದಿದ್ದು ಸಾಂಬ್ರಾದಲ್ಲಿ, ಬೈಕ್ ಇದ್ದಿದ್ದು ಹುಬ್ಬಳ್ಳಿಯಲ್ಲಿ: ಟ್ಯಾಕ್ಸಿನಾ, ರೈಲಾ, ಬಸ್ಸಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಬಸ್ಸಿನ ಕಡೆಯವನು.

ಆಗಿದ್ದು ಇಷ್ಟು. ಬೆಂಗಳೂರಿಗೆ ಹೋಗುವಾಗ ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಬೈಕ್ ನಿಲ್ಲಿಸಿದ್ದೆ. ವಾಪಸ್ ಬರಲು ಬೆಳಗಾವಿ ಟಿಕೆಟ್ 1,400 ರೂಪಾಯಿ ಕಡಿಮೆ ಕಂಡಿತು. ಬೆಳಗಾವಿ ಏನು ಮಹಾ ದೂರ ಅಂತ ತೆಗೆದೇಬಿಟ್ಟೆ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಎರಡು ನಿಲ್ದಾಣಗಳ ನಡುವೆ ಸುಮಾರು 75 ಕಿ.ಮೀ. ನಾನು ನೋಡಿದ್ದೂ ಅಷ್ಟೇ. ರಸ್ತೆಗಿಳಿದರೆ ಅದು ನೂರರ ಹತ್ತಿರ ಹೋಗುತ್ತದೆ. ಬೆಳಗಾವಿಯ ವಿಮಾನ ನಿಲ್ದಾಣ ಇರುವುದು ಊರು ದಾಟಿ ಪೂರ್ವಕ್ಕೆ, ಬಾಗಲಕೋಟೆ ರಸ್ತೆಯ ಸಾಂಬ್ರಾದಲ್ಲಿ. ನನಗೆ ಬೇಕಾದದ್ದು ಹುಬ್ಬಳ್ಳಿ ನಿಲ್ದಾಣ ಇರುವ ಗೋಕುಲ ರಸ್ತೆ.

ಅವತ್ತು ಟ್ಯಾಕ್ಸಿ ಹಿಡಿದೆ. 3,000 ಕೇಳಿದ, 2,600ಕ್ಕೆ ಒಪ್ಪಿದ. ಹಿರೇಬಾಗೇವಾಡಿ, ಕಿತ್ತೂರು, ಧಾರವಾಡ ಹೋಗಿದ್ದೇ ಗೊತ್ತಾಗಲಿಲ್ಲ, ಎರಡು ತಾಸಿನೊಳಗೆ ಬೈಕ್ ಮುಂದೆ ನಿಂತಿದ್ದೆ. ಆದರೆ ಉಳಿಸಿದ 1,400 ಹೋಗಿ, ಮೇಲೆ 1,200 ಕೈಯಿಂದ. ನಾಲ್ಕು ಜನ ಇದ್ದರೆ ಇದೇ ಸರಿ. ಒಬ್ಬನೇ ಇದ್ದರೆ ಹೊಟ್ಟೆ ಉರಿಯುತ್ತದೆ.

ಆಮೇಲೂ ಎರಡು ಸಲ ಹೀಗೇ ಮಾಡಿದ್ದೇನೆ. ಅಗ್ಗದ ಟಿಕೆಟ್ ಕಂಡರೆ ಕೈ ಸುಮ್ನಿರಲ್ಲ.

ಎರಡನೇ ಸಲ ರೈಲು. ಖಾನಾಪುರ, ಲೋಂಡಾ, ಅಳ್ನಾವರ ಸುತ್ತಿ ಬರುತ್ತದೆ. ಮಳೆಗಾಲದಲ್ಲಿ ಆ ಕಾಡು ನೋಡಲು ಚೆಂದ. ಆದರೆ ಸ್ಟೇಶನ್ನಿನಲ್ಲೇ ಎರಡೂವರೆ ತಾಸು ಕಾದೆ. ಕಿತ್ತೂರಿನ ಮೇಲೆ ನೇರ ಹಳಿ ಬಂದಾಗ ನೋಡೋಣ.

ಮೂರನೇ ಸಲ ಬಸ್ಸು. ಇದರಲ್ಲಿ ಕಿರಿಕಿರಿ ಇರುವುದು ಮೊದಲ ಹತ್ತು ಕಿ.ಮೀ.ನಲ್ಲೇ. ಸಾಂಬ್ರಾದಿಂದ ಬೆಳಗಾವಿ ಬಸ್ ಸ್ಟ್ಯಾಂಡ್ ತಲುಪುವುದೇ ಒಂದು ಸಾಹಸ. ಹೊರಗೆ ಬಂದು ಆಟೋದವರ ಜೊತೆ ಚೌಕಾಸಿ ಮಾಡುವಷ್ಟರಲ್ಲಿ ಜೊತೆಗೆ ಇಳಿದವರೆಲ್ಲ ತಮ್ಮ ತಮ್ಮ ಗಾಡಿ ಹತ್ತಿ ಹೋಗಿರುತ್ತಾರೆ. ನಾನೊಬ್ಬನೇ ಉಳಿದೆ ಅಂತ ಗೊತ್ತಾದರೆ ಆಟೋದವರು ಒಂದು ರೂಪಾಯಿಯೂ ಇಳಿಸುವುದಿಲ್ಲ. ಅವರದೂ ತಪ್ಪಲ್ಲ ಬಿಡಿ, ವಾಪಸ್ ಖಾಲಿ ಬರಬೇಕಲ್ವಾ. ಅವತ್ತು ಅಲ್ಲೇ ಮುಕ್ಕಾಲು ತಾಸು ಹೋಯಿತು.

ಈಗ ಗೊತ್ತಾಗಿದೆ. ಬ್ಯಾಗಿಗಾಗಿ ಬೆಲ್ಟ್ ಹತ್ತಿರ ಕಾಯುವಾಗಲೇ ಪಕ್ಕದವರನ್ನು ಕೇಳಬೇಕು: "ಬಸ್ ಸ್ಟ್ಯಾಂಡ್ ಕಡೆ ಹೊಂಟೀರೇನ್ರಿ?" ಇಬ್ಬರಾದರೆ ಬಾಡಿಗೆ ಅರ್ಧ. ನಾಚಿಕೆ ಬಿಟ್ಟರೆ ಆಯಿತು.

ಮುಂದಿನದೆಲ್ಲ ಸಲೀಸು. ಹುಬ್ಬಳ್ಳಿ ಬಸ್ಸು ಹತ್ತಿದರೂ ನಾನು ಧಾರವಾಡದಲ್ಲೇ ಇಳಿದು ಚಿಗರಿ, ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸು, ಹಿಡಿಯುತ್ತೇನೆ. ಅದಕ್ಕೆ ಬೇರೆಯೇ ಲೇನ್, ಉಳಿದ ಗಾಡಿಗಳ ನಡುವೆ ತೆವಳಬೇಕಿಲ್ಲ. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದು ಗೋಕುಲ ರಸ್ತೆಗೆ ಆಟೋ. ಒಟ್ಟು ಮೂರು ಮುಕ್ಕಾಲು ತಾಸು, ಎಲ್ಲ ಸೇರಿ 700 ದಾಟಲಿಲ್ಲ. ಟಿಕೆಟ್ಟಿನಲ್ಲಿ ಉಳಿಸಿದ್ದರಲ್ಲಿ ಅರ್ಧ ಜೇಬಿನಲ್ಲೇ ಉಳಿಯಿತು. ರಾತ್ರಿ ವಿಮಾನವಾದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಬೈಕನ್ನು ಈಗ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಹೊಸೂರಿನಲ್ಲಿ ಅಕ್ಕನ ಮನೆ ಇದೆ. ಚಿಗರಿ ಇಳಿದು ನಡೆದೇ ಹೋಗುತ್ತೇನೆ, ಚಹಾನೂ ಸಿಗುತ್ತದೆ.