ಕೌಲ್ ಬಜಾರಿನ ಡ್ರೆಸ್ ಅಂಗಡಿ: ಕಂಬಳಿ ತಗೊಳ್ಳಿ, ವಿಗ್ ಬೇಡ

ನಮ್ಮ ಬಳ್ಳಾರಿಯಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಬೇಕೆಂದರೆ ದುರ್ಯೋಧನನಿಂದ ಹೇಮರೆಡ್ಡಿ ಮಲ್ಲಮ್ಮನವರೆಗೆ ಎಲ್ಲಾ ಸಿಗುತ್ತದೆ. ನನಗೆ ಬೇಕಿದ್ದದ್ದು ಗ್ರೀಕ್ ನಟಿಯ ಡ್ರೆಸ್. ಕತೀನಾ ಪಾಕ್ಸಿನೂ ಮೇಲೆ 20 ನಿಮಿಷದ ಏಕವ್ಯಕ್ತಿ ಪ್ರಯೋಗ, ಮಾಡುವವಳು ನಾನೇ.

"ಯಾರಮ್ಮಾ ಈಕಿ?" ಅಂದರು ಅಂಗಡಿಯ ತಾತ. 1900ರಲ್ಲಿ ಪಿರೇಯಸ್ ಬಂದರಿನಲ್ಲಿ ಹುಟ್ಟಿದಾಕೆ, ಮೊದಲು ಒಪೆರಾ ಹಾಡುತ್ತಿದ್ದಳು, ಆಮೇಲೆ ನಾಟಕಕ್ಕೆ ಬಂದಳು ಅಂದೆ. "ಹಾಡಾಕಿ ಅಂದ್ರ ನಮ್ಮ ಕಂಪನಿಯಾಕಿನೇ ಬಿಡು" ಅಂದರು.

1938ರಲ್ಲಿ ಎಪಿಡಾವ್ರೋಸ್‌ನ ಪುರಾತನ ಬಯಲು ರಂಗಮಂದಿರದಲ್ಲಿ ಈಕೆ ಗ್ರೀಕ್ ದುರಂತ ನಾಟಕದ ರಾಜಕುಮಾರಿ ಎಲೆಕ್ಟ್ರಾಳ ಪಾತ್ರ ಮಾಡಿದ್ದಳು. ಆ ದೃಶ್ಯಕ್ಕೆ ಬಿಳಿ ಬಟ್ಟೆ ಕೇಳಿದೆ. ತಾತ ಕೇಳಿದ್ದು ಒಂದೇ ಪ್ರಶ್ನೆ: "ಆಕಿ ಮನ್ಯಾಗ ಯಾರು ಸತ್ತಾರ?" ಅಪ್ಪ, ಅದೂ ಅವ್ವನೇ ಸೇರಿ ಕೊಂದದ್ದು ಅಂದೆ. ಮಿಂಚುವ ನೈಲಾನ್ ಬಟ್ಟೆ ಮಡಚಿ ಒಳಗಿಟ್ಟು ಕರೀ ಕುರಿ ಕಂಬಳಿ ತಂದರು. ಹೆಗಲ ಮೇಲೆ ಹಾಕಿಕೊಂಡೆ. ಭಾರಕ್ಕೆ ನಡಿಗೆಯೇ ಬದಲಾಯಿತು. ಮೂರು ವಾರ ರಿಹರ್ಸಲ್ ಮಾಡಿದರೂ ಸಿಗದ ನಡಿಗೆ ಅದು!

ಅಮೆರಿಕದ ನಾಟಕಕಾರ ಯೂಜೀನ್ ಓನೀಲ್ ನಾಟಕಗಳನ್ನು ಗ್ರೀಕ್‌ಗೆ ಅನುವಾದ ಮಾಡಿದ್ದೂ ಇವಳೇ. ಆ ಭಾಗಕ್ಕೆ ಕಂದೀಲು ಕೊಟ್ಟರು, ಗಾಜು ಒಡೆದಿತ್ತು. ಜೊತೆಗೆ ತಮ್ಮ ಹಳೇ ಕನ್ನಡಕ, ಅದಕ್ಕೆ ಬಾಡಿಗೆ ಇಲ್ಲ. ಹಾಕಿಕೊಂಡರೆ ಏನೂ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಆಸ್ಕರ್ ಗೊಂಬೆ ಕೇಳುವಾಗ ನನಗೇ ನಾಚಿಕೆ. 'ಫಾರ್ ಹೂಮ್ ದಿ ಬೆಲ್ ಟೋಲ್ಸ್' ಚಿತ್ರಕ್ಕೆ 1944ರಲ್ಲಿ ಆಕೆಗೆ ಪೋಷಕ ನಟಿ ಪ್ರಶಸ್ತಿ ಬಂತು. ಆಗ ಯುದ್ಧ, ಲೋಹದ ಕೊರತೆ. ಗೊಂಬೆಯನ್ನು ಪ್ಲಾಸ್ಟರ್‌ನಲ್ಲಿ ಮಾಡಿ ಬಣ್ಣ ಬಳಿದಿದ್ದರು. ಇದನ್ನು ಹೇಳಿದ್ದೇ ತಡ, ತಾತ ರಟ್ಟಿನ ಕಿರೀಟ ಎತ್ತಿ ತೋರಿಸಿ, "ಹಂಗಾದ್ರ ನಮ್ದೇನು ಕಮ್ಮಿ?" ಅಂದರು. ಎರಡೇ ದಿನದಲ್ಲಿ ಪ್ಲಾಸ್ಟರ್ ಗೊಂಬೆ ತಯಾರು. ಮೂಗು ಸ್ವಲ್ಪ ಹನುಮಂತನದ್ದು.

ವಿಗ್ ಮಾತ್ರ ಯಾರೂ ತಗೋಬೇಡಿ. ಹಿಂದಿನ ವಾರ ಯಾವ ರಾಕ್ಷಸ ಹಾಕಿದ್ದನೋ, ಬೆವರಿನ ನಾತ. ತಲೆ ನಾಲ್ಕು ದಿನ ತುರಿಸಿತು.

ಬಾಡಿಗೆ ದಿನಕ್ಕೆ 350, ಠೇವಣಿ 1000. ವಾಪಸ್ ಕೊಡುವುದು ಒಂದು ಗಂಟೆ ತಡವಾದದ್ದಕ್ಕೆ ಅರ್ಧ ದಿನದ ದುಡ್ಡು ಹಿಡಿದರು. ಮೊದಲೇ ಹೇಳಬೇಕಿತ್ತಲ್ವಾ? ಜಗಳ ಮಾಡಿದೆ, ಸೋತೆ. ಮುಂದಿನ ತಿಂಗಳು ಸಿರುಗುಪ್ಪದಲ್ಲಿ ಇನ್ನೊಂದು ಪ್ರಯೋಗ ಇದೆ. ಆ ಕಂಬಳಿ ಬೇರೆ ಯಾರಿಗೂ ಕೊಡಬೇಡಿ ಅಂತ 100 ರೂಪಾಯಿ ಮುಂಗಡ ಕೊಟ್ಟು ಬಂದೆ.