ಅಕ್ಕಿ ಡಬ್ಬನಾ, ಸಿಲಿಕಾ ಜೆಲ್ಲಾ, ರಿಪೇರಿ ಅಂಗಡಿನಾ? ಮೂರೂ ಮಾಡಿ ನೋಡಿದೀನಿ

ನಮ್ಮನೇಲಿ ಎರಡು ವರ್ಷದಲ್ಲಿ ಮೂರು ಫೋನ್ ಒದ್ದೆ ಆದ್ವು, ಮೂರಕ್ಕೂ ಬೇರೆ ಬೇರೆ ಮದ್ದು ಮಾಡಿದ್ವಿ.

ಮೊದ್ಲು ಅಮ್ಮನ ಫೋನು, ಬಚ್ಚಲಲ್ಲಿ ಬಕೆಟ್ಟಿಗೆ ಬಿತ್ತು. ಒರೆಸಿ ಸೀದಾ ಅಕ್ಕಿ ಡಬ್ಬಕ್ಕೆ ಹಾಕಿ ಎರಡು ದಿನ ಬಿಟ್ವಿ, ಸ್ವಿಚ್ ಆಫ್ ಕೂಡ ಮಾಡಿರ್ಲಿಲ್ಲ. ಚೆನ್ನಾಗೇ ನಡೀತಿತ್ತು, ಮೂರು ವಾರ ಆದ್ಮೇಲೆ ಸ್ಪೀಕರ್ ಗೊರಗೊರ ಅಂತು, ಆಮೇಲೆ ಚಾರ್ಜೇ ತಗೊಳ್ಲಿಲ್ಲ. ಬಿಚ್ಚಿ ನೋಡಿದ್ರೆ ಬೋರ್ಡ್ ಮೇಲೆ ಹಸಿರು ಕಿಲುಬು, ಚಾರ್ಜಿಂಗ್ ಪೋರ್ಟಲ್ಲಿ ನುಚ್ಚು. ಅಜ್ಜನ ಫೋಟೋಗಳೆಲ್ಲ ಅದರಲ್ಲೇ ಹೋದ್ವು, ಅದು ಈಗ್ಲೂ ಹೊಟ್ಟೆ ಉರಿಯತ್ತೆ. ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಅಕ್ಕಿನೇ ಥಂಡಿ ಹಿಡಿದಿರತ್ತೆ, ಅದು ಫೋನಿನ ನೀರು ಎಲ್ಲಿಂದ ಎಳೀಬೇಕು? 2024ರಲ್ಲಿ ಆಪಲ್‌ನೋರೇ ಐಫೋನನ್ನ ಅಕ್ಕೀಲಿ ಇಡ್ಬೇಡಿ, ಸಣ್ಣ ಕಣ ಒಳಗೆ ಹೋಗಿ ಹಾಳಾಗ್ಬೋದು ಅಂತ ಹೇಳಿದಾರೆ.

ಎರಡನೇದು ನಂದು, ಆಗುಂಬೆ ಘಾಟೀಲಿ ಬೈಕಲ್ಲಿ ಬರುವಾಗ ಜೇಬಲ್ಲೇ ನೆಂದೋಯ್ತು. ಈ ಸಲ ಅಲ್ಲೇ ನಿಲ್ಸಿ ಆಫ್ ಮಾಡ್ದೆ, ಸಿಮ್ ಟ್ರೇ ಎಳೆದು, ಪೋರ್ಟ್ ಕೆಳಗೆ ಮಾಡಿ ಮೆಲ್ಲಗೆ ತಟ್ಟಿದೆ, ಮನೆಗೆ ಬಂದು ರಾತ್ರಿಯಿಡೀ ಫ್ಯಾನ್ ಗಾಳಿಗೆ ಇಟ್ಟು ಮಾರನೇ ದಿನ ಶೂ ಬಾಕ್ಸಲ್ಲಿ ಬರೋ ಸಿಲಿಕಾ ಜೆಲ್ ಪ್ಯಾಕೆಟ್ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿದೆ. ವರ್ಷ ಆಯ್ತು, ಗಟ್ಟಿಯಾಗಿದೆ. ಆದ್ರೆ ಉಳಿಸಿದ್ದು ಸಿಲಿಕಾಗಿಂತ ಆ ಸ್ವಿಚ್ ಆಫೇ ಅಂತ ನಂಗೆ ಅನ್ಸತ್ತೆ, ನೀರಿರುವಾಗ ಕರೆಂಟ್ ಹರೀತಿದ್ರೆ ಕಿಲುಬು ಬೇಗ ಹಿಡಿಯತ್ತೆ.

ಮೂರನೇದು ತಮ್ಮಂದು, ಲೋಟದ ತುಂಬ ಸಕ್ಕರೆ ಹಾಕಿದ ಚಾ ಚೆಲ್ಲಿತು. ಐಪಿ68 (ನೀರು, ಧೂಳು ತಡೆಯೋ ರೇಟಿಂಗು) ಇದೆ ಬಿಡೋ ಅಂತಿದ್ದ, ಆ ಟೆಸ್ಟ್ ಮಾಡೋದು ಬರೀ ನೀರಲ್ಲಿ ಮಾರಾಯ, ಚಾದಲ್ಲಲ್ಲ! ಸಿಮ್ ಜಾಗದಲ್ಲಿ ಇಣುಕಿದ್ರೆ, ಒದ್ದೆ ತಾಗಿದ್ರೆ ಬಣ್ಣ ಬದಲಾಗೋ ಬಿಳಿ ಸ್ಟಿಕರ್ ಕೆಂಪಾಗಿತ್ತು, ಅಂದ್ರೆ ಒಳಗೆ ಹೋಗಿದೆ. ಮೊದಲ ಅಂಗಡಿಯೋರು ನೋಡ್ದೇನೇ ಬೋರ್ಡ್ ಹೋಗಿದೆ, ಆರು ಸಾವಿರ ಅಂದ್ರು. ಇನ್ನೊಬ್ರು ಬಿಚ್ಚಿ ಮೊದ್ಲು ಬ್ಯಾಟರಿ ಕನೆಕ್ಷನ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರೋ ಕ್ಲೀನಿಂಗ್ ದ್ರವ) ಹಾಕಿ ಬ್ರಶ್ಶಲ್ಲಿ ಉಜ್ಜಿ ತೊಳೆದ್ರು, 700 ರೂಪಾಯಿ. ನೀರು ಆರತ್ತೆ, ಸಕ್ಕರೆ ಹಾಲು ಅಂಟಿಕೊಂಡೇ ಇರತ್ತೆ, ಅದಕ್ಕೆ ಫ್ಯಾನೂ ಇಲ್ಲ ಸಿಲಿಕಾನೂ ಇಲ್ಲ, ತೊಳೀಲೇಬೇಕು.

ಹಾಗಾಗಿ ಮಳೆ ನೀರಾದ್ರೆ ನಾನು ಆಫ್ ಮಾಡಿ ಫ್ಯಾನಿಗೆ ಇಡ್ತೀನಿ, ಚಾ, ಸಾರು, ಸಮುದ್ರದ ನೀರಾದ್ರೆ ಅವತ್ತೇ ಅಂಗಡಿ. ಒಂದೇ ಕೊರತೆ, ಒಮ್ಮೆ ಬಿಚ್ಚಿದ ಫೋನಿನ ನೀರು ತಡೆಯೋ ಸೀಲ್ ಮೊದಲಿನ ಹಾಗೆ ಕೂರತ್ತೆ ಅಂತ ನಂಬೋಕಾಗಲ್ಲ, ತಮ್ಮ ಈಗ ಮಳೇಲಿ ಅದನ್ನ ಪ್ಲಾಸ್ಟಿಕ್ ಕೊಟ್ಟೇಲಿ ಸುತ್ಕೊಂಡೇ ಓಡಾಡ್ತಾನೆ.